ಗೋಡೆಯ ಪಾಯಿಂಟ್ ಯಾವ ಪೋರ್ಟಿಗೆ ಹೋಗಿದೆ? ಸ್ವಿಚ್ಚೇ ಹೇಳುತ್ತದೆ

ಮಂಗಳೂರಿನ ಮಳೆಗಾಲದಲ್ಲಿ ರ‍್ಯಾಕಿನ ಲೇಬಲ್ ನಂಬಬೇಡಿ ಮಾರಾಯ್ರೆ. ಗೋಡೆಯ ನೆಟ್‌ವರ್ಕ್ ಪಾಯಿಂಟಿನ ಕೇಬಲ್ ಸ್ವಿಚ್ಚಿನ, ಅಂದರೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಯ, ಯಾವ ಪೋರ್ಟಿಗೆ (ಕೇಬಲ್ ಸಿಕ್ಕಿಸುವ ಜಾಗಕ್ಕೆ) ಹೋಗಿದೆ ಅಂತ ಅದು ಸರಿಯಾಗಿ ಹೇಳುವುದಿಲ್ಲ. ತೇವಕ್ಕೆ ಅಂಟು ಬಿಡುತ್ತದೆ, ಶಾಯಿ ಹರಡುತ್ತದೆ. ಸಿಡಿಲಿಗೆ ಸ್ವಿಚ್ ಸುಟ್ಟು ಅವಸರದಲ್ಲಿ ಬೇರೆಯದು ಹಾಕಿದ ಮೇಲಂತೂ ಲೇಬಲ್ ಒಂದು, ಪೋರ್ಟ್ ಇನ್ನೊಂದು. ಹಂಪನಕಟ್ಟೆಯ ಆಫೀಸುಗಳಲ್ಲಿ ನಾನು ಕೇಬಲ್ ಕಿತ್ತು ಹುಡುಕುವುದಿಲ್ಲ. ಕಿತ್ತರೆ ಯಾರದೋ ಬಿಲ್ಲಿಂಗ್ ನಿಲ್ಲುತ್ತದೆ. ಅದರ ಬದಲು ನೆಟ್‌ವರ್ಕಿನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು (ಮಾಹಿತಿಯ ತುಣುಕುಗಳನ್ನು) ಹಿಡಿದು ತೋರಿಸುವ ವೈರ್‌ಶಾರ್ಕ್ ಎಂಬ ಸಾಫ್ಟ್‌ವೇರ್ ತೆರೆಯುತ್ತೇನೆ.

ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದ ಸ್ವಿಚ್) ತನ್ನ ಹೆಸರು, ಪೋರ್ಟ್ ನಂಬರು ಎರಡನ್ನೂ ಆಗಾಗ ಕಳಿಸುತ್ತಲೇ ಇರುತ್ತದೆ. ಇದಕ್ಕೆ ಬಳಸುವ ಪ್ರೋಟೊಕಾಲ್ (ಸಂದೇಶ ಕಳಿಸುವ ಪದ್ಧತಿ) ಸಿಸ್ಕೋ ಕಂಪನಿಯ ಸ್ವಿಚ್ಚಾದರೆ ಸಿಡಿಪಿ, ಸಾಮಾನ್ಯವಾಗಿ 60 ಸೆಕೆಂಡಿಗೊಮ್ಮೆ. ಎಲ್ಲ ಕಂಪನಿಗಳಿಗೂ ಹೊಂದುವ ಎಲ್‌ಎಲ್‌ಡಿಪಿ ಹೆಚ್ಚಾಗಿ 30 ಸೆಕೆಂಡಿಗೊಮ್ಮೆ.

ಮೊದಲು ಆಫೀಸಿನವರ ಒಪ್ಪಿಗೆ ಕೇಳಿ. ವಿಂಡೋಸ್‌ನಲ್ಲಿ ವೈರ್‌ಶಾರ್ಕ್ ಜೊತೆ ಎನ್‌ಪಿಕ್ಯಾಪ್ ಕೂಡ ಇನ್‌ಸ್ಟಾಲ್ ಆಗಲಿ, ಅದಿಲ್ಲದೆ ಪ್ಯಾಕೆಟ್ ಹಿಡಿಯಲಾಗುವುದಿಲ್ಲ. ಲ್ಯಾಪ್‌ಟಾಪನ್ನು ಗೋಡೆಯ ಪಾಯಿಂಟಿಗೆ ಕೇಬಲ್ಲಿನಲ್ಲೇ ಜೋಡಿಸಿ. ವೈಫೈಯಲ್ಲಿ ಈ ಕೆಲಸ ಆಗದು. ಈಥರ್ನೆಟ್ ಆರಿಸಿ ಕ್ಯಾಪ್ಚರ್ ಶುರು ಮಾಡಿ. ಮೇಲಿನ ಫಿಲ್ಟರ್ ಪಟ್ಟಿಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ lldp or cdp ಅಂತ ನಡುವೆ ಜಾಗ ಬಿಟ್ಟು ಟೈಪ್ ಮಾಡಿ. ಎರಡು ನಿಮಿಷ ಸುಮ್ನೆ ಕಾಯಿರಿ.

ಪ್ಯಾಕೆಟ್ ಬಂತಾ? ಅದನ್ನು ಕ್ಲಿಕ್ ಮಾಡಿ ಕೆಳಗಿನ ಸಾಲುಗಳನ್ನು ಬಿಡಿಸಿ. ಎಲ್‌ಎಲ್‌ಡಿಪಿಯಲ್ಲಿ ಚಾಸಿಸ್ ಐಡಿ (ಸ್ವಿಚ್ಚಿನ ಗುರುತು), ಪೋರ್ಟ್ ಐಡಿ, ಟೈಮ್ ಟು ಲಿವ್ (ಈ ಮಾಹಿತಿಯನ್ನು ಎಷ್ಟು ಸೆಕೆಂಡು ಇಟ್ಟುಕೊಳ್ಳಬೇಕು ಅನ್ನುವುದು) ಮೂರೂ ಇದ್ದೇ ಇರುತ್ತವೆ. ಪೋರ್ಟ್ ಐಡಿಯಲ್ಲಿ 1/0/14 ಅಂತಿದ್ದರೆ ಒಂದನೇ ಸ್ವಿಚ್ಚಿನ 14ನೇ ಪೋರ್ಟ್ ಅಂತ ಸಾಮಾನ್ಯ ಲೆಕ್ಕ. ಕೆಲವು ಸ್ವಿಚ್ಚುಗಳು ಅಲ್ಲಿ ಬರೀ ಮ್ಯಾಕ್ ಅಡ್ರೆಸ್ (ಹಾರ್ಡ್‌ವೇರಿನ ವಿಳಾಸ) ಹಾಕುತ್ತವೆ. ಆಗ ಪೋರ್ಟ್ ಡಿಸ್ಕ್ರಿಪ್ಷನ್ ಸಾಲು ನೋಡಿ. ಟೈಮ್ ಟು ಲಿವ್ ಹೆಚ್ಚಾಗಿ 120 ಇರುತ್ತದೆ. ಸೊನ್ನೆ ಇದ್ದರೆ ‘ನನ್ನ ಮಾಹಿತಿ ಈಗಲೇ ಅಳಿಸಿ’ ಅಂತ ಅರ್ಥ. ಪೋರ್ಟ್ ಬಂದ್ ಆಗುವ ಮೊದಲು ಇಂಥದ್ದು ಬರಬಹುದು. ಸಿಡಿಪಿಯಲ್ಲಿ ನೇಟಿವ್ ವಿಲ್ಯಾನ್ (ಟ್ಯಾಗ್ ಇಲ್ಲದ ಪ್ಯಾಕೆಟ್‌ಗಳು ಸೇರುವ ವರ್ಚುವಲ್ ನೆಟ್‌ವರ್ಕಿನ ನಂಬರು) ಕೂಡ ಸಿಗುತ್ತದೆ, ನನಗೆ ಜಾಸ್ತಿ ಉಪಯೋಗಕ್ಕೆ ಬರುವುದು ಅದೇ.

ಒಂದೇ ಪಾಯಿಂಟಿನಲ್ಲಿ ಎರಡು ಮೂರು ಸಾಧನಗಳ ಹೆಸರು ಬಂದರೆ ಮೇಜಿನಡಿ ಬಗ್ಗಿ ನೋಡಿ. ಯಾರೋ ಸಣ್ಣ ಅನ್‌ಮ್ಯಾನೇಜ್ಡ್ ಸ್ವಿಚ್ ಸಿಕ್ಕಿಸಿರಬಹುದು. ಇಂಥವು ಬೇರೆ ಕಡೆಯಿಂದ ಬಂದ ಸಿಡಿಪಿಯನ್ನೂ ಹಾಗೇ ದಾಟಿಸುತ್ತವೆ. ಐಪಿ ಫೋನ್ ಮಧ್ಯದಲ್ಲಿದ್ದರೆ ಅದರ ಹೆಸರೂ ಕಾಣಬಹುದು.

ಏನೂ ಬರದಿದ್ದರೆ ಕೇಬಲ್ ಕೆಟ್ಟಿದೆ ಅಂತ ತೀರ್ಮಾನಿಸಬೇಡಿ, ಸ್ವಿಚ್ಚಿನಲ್ಲಿ ಇವು ಆಫ್ ಇರಬಹುದು. ಸಿಸ್ಕೋದ ಎಷ್ಟೋ ಮಾಡೆಲ್‌ಗಳಲ್ಲಿ ಸಿಡಿಪಿ ಮೊದಲೇ ಆನ್ ಇರುತ್ತದೆ, ಎಲ್‌ಎಲ್‌ಡಿಪಿಯನ್ನು ನಾವೇ ಆನ್ ಮಾಡಬೇಕು.

ಕೆಲಸ ಮುಗಿದ ಮೇಲೆ ಗ್ರಾಹಕರು ಕೂರುವ ಜಾಗದ, ಮೀಟಿಂಗ್ ರೂಮಿನ ಪೋರ್ಟುಗಳಲ್ಲಿ ಎರಡನ್ನೂ ಆಫ್ ಮಾಡಿಸಿ. ಈ ಪ್ಯಾಕೆಟ್‌ಗಳಲ್ಲಿ ನಿಮಗೆ ಕಂಡ ಮಾಡೆಲ್, ಸಾಫ್ಟ್‌ವೇರ್ ವರ್ಷನ್, ಮ್ಯಾನೇಜ್‌ಮೆಂಟ್ ಅಡ್ರೆಸ್ (ಸ್ವಿಚ್ಚನ್ನು ನಿಯಂತ್ರಿಸುವ ವಿಳಾಸ) ಹೊರಗಿನಿಂದ ಬಂದವರಿಗೂ ಕಾಣುತ್ತವಲ್ವಾ?