ಟ್ಯಾಪ್ ಡಾನ್ಸ್ ಶುರು ಮಾಡುವವರಿಗೆ: ಮೊದಲು ಹಲಗೆ, ಆಮೇಲೆ ಶಫಲ್

ಮಾರಾಯ್ರೆ, ಟ್ಯಾಪ್ ಡಾನ್ಸ್ ಅಂದರೆ ಶೂವಿನ ಸದ್ದಿನಿಂದಲೇ ತಾಳ ಹಾಕುವ ಕುಣಿತ. ಅದಕ್ಕೆ ಬೇಕಾದ ಟ್ಯಾಪ್ ಶೂ ತಂದ ಕೂಡಲೇ ಟೈಲ್ಸ್ ಮೇಲೆ ಕುಣಿಯಬೇಡಿ. ಅಡಿಯಲ್ಲಿ ಮುಂದೆ, ಹಿಂದೆ ಲೋಹದ ತುಂಡು ಇರುತ್ತದೆ, ಜಾರುತ್ತದೆ, ನೆಲಕ್ಕೆ ಗೀರೂ ಬೀಳುತ್ತದೆ. ಮಂಗಳೂರಿನ ಬಾಡಿಗೆ ಮನೆಯಲ್ಲಿ ನಾನು ಹೀಗೆ ಮಾಡಿ ಓನರ್ ಹತ್ತಿರ ಚೆನ್ನಾಗಿ ಬೈಸಿಕೊಂಡೆ. ಒಂದು ಪ್ಲೈವುಡ್ ಹಲಗೆ ಸಾಕು.

ಮೊದಲು ಶಫಲ್. ಮಂಡಿ, ಪಾದದ ಗಂಟು ಸಡಿಲ ಬಿಟ್ಟು, ಮುಂಗಾಲಿನಿಂದ ನೆಲವನ್ನು ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಸವರಬೇಕು, ಎರಡು ಸದ್ದೂ ಬೇರೆ ಬೇರೆಯಾಗಿ ಕೇಳಬೇಕು. ಸುಮ್ನೆ ಜೋರಾಗಿ ಒದ್ದರೆ ಒಂದೇ ಸದ್ದು ಬರುತ್ತದೆ. ಮುಂದಕ್ಕೆ ಸವರಿ ಅದೇ ಕಾಲಿಗೆ ಭಾರ ಹಾಕಿದರೆ ಫ್ಲ್ಯಾಪ್. ಬಾಲ್ ಚೇಂಜ್ ಅಂದರೆ ಒಂದು ಮುಂಗಾಲಿಗೆ ಚಕ್ಕನೆ ಭಾರ ಕೊಟ್ಟು ಇನ್ನೊಂದಕ್ಕೆ ಬದಲಾಯಿಸುವುದು, ಅಷ್ಟೇ. ಇಲ್ಲಿ ಕಾಲೇ ಮದ್ದಳೆ ಅಲ್ವಾ, ಯಕ್ಷಗಾನದ ಹೆಜ್ಜೆ ಕಲಿತವರಿಗೆ ಲೆಕ್ಕ ಬೇಗ ಹಿಡಿಯಬಹುದು. ಶೂ ಅಡಿಯ ಲೋಹದ ತುಂಡಿನ ಸ್ಕ್ರೂ ಆಗಾಗ ಬಿಗಿ ಮಾಡಿ.