ಗುಡ್ಡಕ್ಕೆ ಹೋಗುವ ಅಜ್ಜಿಗೆ ಉಣುಗು ಹತ್ತದಂತೆ ನೋಡಿಕೊಳ್ಳುವುದು ಹೇಗೆ?

ಡಿಸೆಂಬರ್ ಬಂತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಂಗನ ಕಾಯಿಲೆಯ ಆತಂಕ ಶುರು. ಮಳೆ ಹಿಡಿಯುವ ತನಕ ಅದು ಹೋಗುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ವೈರಸ್ ಜ್ವರವನ್ನು ಹರಡುವುದು ಉಣುಗು. ವಯಸ್ಸಾದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ, ಬಿಪಿ ಇದ್ದವರಿಗೆ ಅಪಾಯ ಜಾಸ್ತಿ.

‘ಕಾಡಿಗೆ ಹೋಗಬೇಡಿ’ ಎಂದರೆ ನಮ್ಮ ಹಿರಿಯರು ಕೇಳುತ್ತಾರಾ? ಕೊಟ್ಟಿಗೆಗೆ ತರಗೆಲೆ ಬೇಕು, ಬಚ್ಚಲ ಒಲೆಗೆ ಸೌದೆ ಬೇಕು. ಹಾಗಾಗಿ ಹೋಗುವವರನ್ನು ಕಾಪಾಡುವ ದಾರಿ ನೋಡೋಣ.

ಹೊರಡುವಾಗ

ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆಯನ್ನು ಆಶಾ ಕಾರ್ಯಕರ್ತೆಯರ ಬಳಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಕೈ, ಕಾಲು, ಕುತ್ತಿಗೆಗೆ ಹಚ್ಚಿ. ಕಣ್ಣು, ಬಾಯಿ, ಗಾಯಕ್ಕೆ ತಾಗಬಾರದು. ಉದ್ದ ತೋಳಿನ ತಿಳಿ ಬಣ್ಣದ ಅಂಗಿ ಹಾಕಿಸಿ, ಉಣುಗು ಹತ್ತಿದರೆ ಬೇಗ ಕಾಣುತ್ತದೆ. ಸುಸ್ತಾಯಿತೆಂದು ತರಗೆಲೆ ಮೇಲೆಯೇ ಕೂತು ಎಲೆಯಡಿಕೆ ಹಾಕುವ ಅಭ್ಯಾಸ ಹಲವರಿಗಿದೆ. ಅದೊಂದನ್ನು ಬಿಡಿಸಿ.

ವಾಪಸ್ ಬಂದ ಮೇಲೆ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಕೆಲಸ ಇದೇ. ಮರಿ ಉಣುಗು ಎಳ್ಳಿಗಿಂತ ಚಿಕ್ಕದು, ಪೊರೆ ಬಂದ ಕಣ್ಣಿಗೆ ಕಾಣುವುದೇ ಇಲ್ಲ. ಕಳೆದ ವರ್ಷ ನಮ್ಮ ಅಜ್ಜಿಯ ಮೊಣಕಾಲಿನ ಹಿಂದೆ ಕಪ್ಪು ಚುಕ್ಕಿ ಕಂಡು ಮಚ್ಚೆ ಅಂದುಕೊಂಡೆವು. ಅಮ್ಮ ಟಾರ್ಚ್ ಹಿಡಿದು ನೋಡಿದರೆ ಮಚ್ಚೆಗೆ ಕಾಲುಗಳಿದ್ದವು!

ಬಟ್ಟೆಯನ್ನು ಹೊರಗೇ ಬಿಚ್ಚಿಸಿ, ಬಿಸಿನೀರಿಗೆ ಹಾಕಿ. ಸೋಪು ಹಚ್ಚಿ ಸ್ನಾನ ಮಾಡಿಸಿ. ಕಿವಿಯ ಹಿಂದೆ, ಕಂಕುಳು, ಸೊಂಟದ ಸುತ್ತ, ತೊಡೆಸಂದಿ ನೋಡಿ. ಹಿರಿಯರಿಗೆ ಸಂಕೋಚ ಇರುತ್ತದೆ, ಅಲ್ವಾ? ಮಗಳೋ ಸೊಸೆಯೋ ಮಾತಾಡಿಸುತ್ತಾ ನೋಡಿದರೆ ಸುಲಭ.

ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಆಮೇಲೆ ಸೋಪಿನಲ್ಲಿ ತೊಳೆಯಿರಿ.

ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ.

ಜ್ವರ ಬಂದರೆ

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ದಿಢೀರನೆ ಚಳಿಜ್ವರ, ತಲೆ ಸಿಡಿಯುವಷ್ಟು ನೋವು, ಮೈಕೈ ನೋವು ಬರುತ್ತದೆ. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ ಬರಬಹುದು. ‘ಸುಮ್ನೆ ಮೈನೋವು, ಕಷಾಯ ಕುಡಿದರೆ ಹೋಗುತ್ತೆ’ ಎಂದು ಅಜ್ಜಿ ಅಂದರೂ ಕಾಯಬೇಡಿ, ಮೊದಲ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವೈರಸ್ಸನ್ನೇ ಕೊಲ್ಲುವ ಮದ್ದು ಇದಕ್ಕಿಲ್ಲ. ಬೇಗ ಸಿಗುವ ಆರೈಕೆಯೇ ಜೀವ ಉಳಿಸುವುದು. ಅಂಗಡಿಯ ನೋವಿನ ಮಾತ್ರೆ ಕೊಡಬೇಡಿ, ಕೆಲವು ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚಬಹುದು.

ಒಮ್ಮೆ ಬಿಟ್ಟ ಜ್ವರ ಒಂದೆರಡು ವಾರದಲ್ಲಿ ಮತ್ತೆ ಬರುವುದೂ ಉಂಟು. ಆಗ ಕೈ ನಡುಕ, ಮಾತಿನಲ್ಲಿ ಗೊಂದಲ ಕಂಡರೆ ವಯಸ್ಸಿನ ಮರೆವು ಎಂದು ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ. ಗುಡ್ಡಕ್ಕೆ ಹೋಗಿದ್ದ ವಿಷಯವನ್ನು ಡಾಕ್ಟರಿಗೆ ನೀವೇ ಹೇಳಿ. ಅಜ್ಜಿ ದಿನಾ ನುಂಗುವ ಬಿಪಿ, ಸಕ್ಕರೆ ಮಾತ್ರೆಗಳ ಚೀಟಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ.