ಕೊಲೆಗಾರನಾದ ಚಾಂಪಿಯನ್ನನ ಬದುಕನ್ನು ಬರೆಯುವುದು ಹೇಗೆ

ನಿವೃತ್ತ ಬಾಕ್ಸರೊಬ್ಬರ ಬದುಕು ಹಾಳಾದ ಬಗೆಯನ್ನು ಬರೆಯಲು ಕೂತವರಿಗೆ ಒಂದು ಸಿದ್ಧ ಅಚ್ಚು ತಾನಾಗಿಯೇ ಕೈಗೆ ಸಿಗುತ್ತದೆ. ಬಡತನದಲ್ಲಿ ಹುಟ್ಟಿದ ಹುಡುಗ, ಗ್ಲೌಸ್ ತೊಟ್ಟು ಜಗತ್ತನ್ನು ಗೆದ್ದ ಯುವಕ, ಚಪ್ಪಾಳೆ ನಿಂತ ಮೇಲೆ ದಾರಿ ತಪ್ಪಿದ ನಡುವಯಸ್ಸಿನ ಗಂಡಸು. ಅರ್ಜೆಂಟೀನಾದ ಕಾರ್ಲೋಸ್ ಮೊನ್ಸೋನರ ಬದುಕು ಈ ಅಚ್ಚಿನೊಳಗೆ ಎಲ್ಲಿಯೂ ತೊಡಕಿಲ್ಲದೆ ಇಳಿಯುತ್ತದೆ, ಬರೆಯುವವರು ಎಚ್ಚರವಾಗಬೇಕಾದದ್ದೂ ಅದಕ್ಕಾಗಿಯೇ. 1970ರಿಂದ 1977ರವರೆಗೆ ಬಾಕ್ಸಿಂಗಿನ ಮಧ್ಯಮ ತೂಕದ ವಿಭಾಗವಾದ ಮಿಡಲ್‌ವೇಟ್‌ನ ವಿಶ್ವ ಚಾಂಪಿಯನ್ ಆಗಿದ್ದ ಮೊನ್ಸೋನ್, 1988ರ ಫೆಬ್ರವರಿ 14ರಂದು ಮಾರ್ ದೆಲ್ ಪ್ಲಾತಾ ಎಂಬ ಕಡಲತೀರದ ಊರಿನಲ್ಲಿ, ತಮ್ಮಿಂದ ಬೇರೆಯಾಗಿದ್ದ, ತಮ್ಮ ಮಗನ ತಾಯಿ ಅಲಿಸಿಯಾ ಮುನ್ಯೀಸ್ ಅವರನ್ನು ಕೊಂದರು. ಇಂಥವರ ಜೀವನಚಿತ್ರವನ್ನು ಕನ್ನಡದಲ್ಲಿ ಬರೆಯುವಾಗ ಯಾವುದನ್ನು ಮೊದಲು ಮಾಡಬೇಕು, ಎಲ್ಲಿ ಕೈ ತಡೆಯಬೇಕು ಎಂಬುದನ್ನು ಇದೊಂದೇ ಉದಾಹರಣೆಯನ್ನು ಹಿಡಿದು ಇಲ್ಲಿ ವಿವರಿಸಿದ್ದೇನೆ.

ಲೇಖನಿ ಎತ್ತುವ ಮೊದಲು, ನೀವು ಬರೆಯಲಿರುವುದು ಯಾವ ಬಗೆಯ ಪತನ ಎಂಬುದನ್ನು ತೀರ್ಮಾನಿಸಿಕೊಳ್ಳಿ. ಅಮೆರಿಕದ ಜೋ ಲೂಯಿಸ್ 1937ರಿಂದ 1949ರವರೆಗೆ ಹೆವಿವೇಟ್ ಚಾಂಪಿಯನ್ ಆಗಿದ್ದರು; ಯುದ್ಧಕಾಲದಲ್ಲಿ, 1942ರಲ್ಲಿ, ಎರಡು ಪಂದ್ಯಗಳ ಸಂಭಾವನೆಯನ್ನು ನೌಕಾಪಡೆ ಮತ್ತು ಭೂಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟರು; ಆಮೇಲೆ ತೆರಿಗೆಯ ಬಾಕಿ ಬೆಳೆದು ಬೆನ್ನು ಹತ್ತಿ, ಕೊನೆಗಾಲದಲ್ಲಿ ಲಾಸ್ ವೇಗಸ್‌ನ ಜೂಜುಕಟ್ಟೆಯೊಂದರಲ್ಲಿ ಅತಿಥಿಗಳ ಕೈಕುಲುಕುವ ಕೆಲಸ ಮಾಡಿದರು. ಅದು ಸಾಲದ ಕಥೆ, ಅಲ್ಲಿ ಓದುಗರ ಕನಿಕರ ಲೂಯಿಸ್ ಅವರಿಗೆ ಸಲ್ಲುವುದರಲ್ಲಿ ತಪ್ಪಿಲ್ಲ. ಮೊನ್ಸೋನರದು ಅಪರಾಧದ ಕಥೆ. ಎರಡನ್ನೂ 'ಚಾಂಪಿಯನ್ನರ ದುರಂತ' ಎಂಬ ಒಂದೇ ತಲೆಬರಹದಡಿ ಕಟ್ಟಿದರೆ, ಸಾಲಗಾರನಿಗೆ ಸಲ್ಲಬೇಕಾದ ಅನುಕಂಪ ಕೊಲೆಗಾರನಿಗೂ ಸೋರಿಹೋಗುತ್ತದೆ.

ಇದಾದ ಮೇಲೆ ಒಂದು ಹಾಳೆಯನ್ನು ನಡುವೆ ಗೆರೆ ಎಳೆದು ಎರಡು ಮಾಡಿ, ಎಡಗಡೆ ರಿಂಗಿನ ತಾರೀಕುಗಳನ್ನೂ ಬಲಗಡೆ ಮನೆಯ ತಾರೀಕುಗಳನ್ನೂ ಬರೆದುಕೊಳ್ಳಿ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದಕ್ಕಿಂತ ಉಪಯುಕ್ತವಾದ ಹಂತ ಇನ್ನೊಂದಿಲ್ಲ. ಎಡಗಡೆ ಹೀಗೆ ಬರುತ್ತದೆ: 1942ರಲ್ಲಿ ಸಾಂತಾ ಫೆ ಪ್ರಾಂತ್ಯದ ಸಾನ್ ಹಾವಿಯೆರ್‌ನಲ್ಲಿ ಜನನ, ಅಮಿಲ್ಕಾರ್ ಬ್ರೂಸಾ ಅವರಲ್ಲಿ ತರಬೇತಿ, 1970ರ ನವೆಂಬರ್ 7ರಂದು ರೋಮ್‌ನಲ್ಲಿ ನೀನೋ ಬೆನ್ವೆನೂತಿ ಅವರನ್ನು ಹನ್ನೆರಡನೆಯ ಸುತ್ತಿನಲ್ಲಿ ನಾಕೌಟ್ ಮಾಡಿ ವಿಶ್ವಪಟ್ಟ, 1973ರ ಜೂನ್‌ನಲ್ಲಿ ಎಮಿಲ್ ಗ್ರಿಫಿತ್ ವಿರುದ್ಧ ಎರಡನೆಯ ಗೆಲುವು, 1974ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಹೊಸೆ ನಾಪೊಲೆಸ್ ವಿರುದ್ಧ ಗೆಲುವು, 1977ರ ಜುಲೈ 30ರಂದು ಮಾಂಟೆ ಕಾರ್ಲೋದಲ್ಲಿ ಕೊನೆಯ ಪಂದ್ಯ. ಬಲಗಡೆ 1973ರ ಸಾಲಿಗೆ ಬಂದಾಗ ಕೈ ನಿಲ್ಲುತ್ತದೆ. ಮನೆಯೊಳಗಿನ ಜಗಳವೊಂದರಲ್ಲಿ ಮೊನ್ಸೋನರ ಮೊದಲ ಪತ್ನಿ ಅವರ ಮೇಲೆ ಗುಂಡು ಹಾರಿಸಿದ್ದು ಆ ವರ್ಷವೇ. ಗ್ರಿಫಿತ್ ಎದುರು ರಿಂಗಿಗೆ ಇಳಿದದ್ದು ಅದಾಗಿ ಕೆಲವೇ ತಿಂಗಳಲ್ಲಿ.

ಎರಡು ಕಾಲಂಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಕೂಡಲೇ 'ನಿವೃತ್ತಿಯ ನಂತರ ದಾರಿ ತಪ್ಪಿದರು' ಎಂಬ ವಾಕ್ಯ ಕುಸಿದು ಬೀಳುತ್ತದೆ. ಹಿಂಸೆ ನಿವೃತ್ತಿಗೆ ಕಾದು ಕೂತಿರಲಿಲ್ಲ. ಗೆಲುವಿನ ವರ್ಷಗಳಲ್ಲೇ ಅದು ಆ ಮನೆಯಲ್ಲಿತ್ತು, ಪತ್ರಿಕೆಗಳಿಗೂ ಗೊತ್ತಿತ್ತು, ಗೆಲ್ಲುವವನ ಮನೆಯ ವಿಷಯವೆಂದು ಬದಿಗೆ ಸರಿಸಲ್ಪಟ್ಟಿತ್ತು. ಆದ್ದರಿಂದ ನಿಮ್ಮ ಲೇಖನ ಕೇಳಬೇಕಾದ ಪ್ರಶ್ನೆ ಕೀರ್ತಿ ಹೋದ ಮೇಲೆ ಏನಾಯಿತು ಎಂಬುದಲ್ಲ, ಕೀರ್ತಿ ಇದ್ದಾಗ ಅದು ಏನನ್ನು ಮುಚ್ಚಿಟ್ಟಿತ್ತು ಎಂಬುದು.

ಭಾಷೆಯ ವಿಷಯಕ್ಕೆ ಬಂದರೆ, ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ತಮ್ಮದೇ ಆದ ತೊಡಕುಗಳಿವೆ. ಮೊದಲನೆಯದು ಕ್ರಿಯಾಪದ. 'ಅಲಿಸಿಯಾ ಬಾಲ್ಕನಿಯಿಂದ ಬಿದ್ದು ಮೃತಪಟ್ಟರು' ಎಂಬ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ, ಆದರೆ ಮೊನ್ಸೋನ್ ಆ ವಾಕ್ಯದಿಂದ ಮೆಲ್ಲನೆ ಹೊರಗೆ ನಡೆದುಬಿಟ್ಟಿದ್ದಾರೆ. ಬೀಳುವ ಮೊದಲು ಕುತ್ತಿಗೆ ಒತ್ತಿದ ಗುರುತುಗಳು ಮರಣೋತ್ತರ ಪರೀಕ್ಷೆಯಲ್ಲಿ ಕಂಡಿದ್ದವು. ನ್ಯಾಯಾಲಯ ಅದನ್ನು ಕೊಲೆ ಎಂದೇ ಕರೆಯಿತು. ನೀವೂ ಹಾಗೆಯೇ ಕರೆಯಿರಿ. 'ಕೌಟುಂಬಿಕ ಕಲಹ', 'ದುಡುಕಿನ ಕ್ಷಣ', 'ವಿಧಿಯಾಟ' ಎಂಬ ಮಾತುಗಳೂ ಇದೇ ಜಾತಿಯವು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಬಾಯಿಪಾಠವಾಗಿ ಕಲಿತ ನಮಗೆ, ಮನೆಯೊಳಗಿನ ಹೊಡೆತವನ್ನು ಸಣ್ಣದು ಮಾಡುವ ಪದಗಳು ಯೋಚಿಸದೆಯೇ ಹೊಳೆಯುತ್ತವೆ. ಹಾಗೆ ಯೋಚಿಸದೆ ಹೊಳೆದ ಪದವನ್ನೇ ಮೊದಲು ಹೊಡೆದು ಹಾಕಿ.

ಎರಡನೆಯದು ಸರ್ವನಾಮ, ಇದು ಇನ್ನೂ ಸೂಕ್ಷ್ಮ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಸಮಸ್ಯೆಯೇ ಇಲ್ಲ. ನಮ್ಮಲ್ಲಾದರೋ ಗೆದ್ದವರು 'ಅವರು', ಆರೋಪಿ 'ಅವನು'. ಪತ್ರಿಕೆಯ ಕ್ರೀಡಾಪುಟದಲ್ಲಿ ಇರುವ ಬಹುವಚನ ಅಪರಾಧದ ಪುಟಕ್ಕೆ ಬರುವಷ್ಟರಲ್ಲಿ ಉದುರಿಹೋಗಿರುತ್ತದೆ. ಲೇಖನದ ಮೊದಲರ್ಧದಲ್ಲಿ 'ಅವರು' ಎಂದು ಬರೆದು ಕೊಲೆಯ ಪ್ಯಾರಾದಿಂದ 'ಅವನು' ಎಂದು ಬದಲಿಸಿದರೆ, 1988ರ ಮೊದಲು ಒಬ್ಬ ಮನುಷ್ಯ ಇದ್ದ, ಆಮೇಲೆ ಇನ್ನೊಬ್ಬ ಬಂದ ಎಂದು ವ್ಯಾಕರಣವೇ ಸುಳ್ಳು ಹೇಳಿದಂತಾಗುತ್ತದೆ. ಒಂದನ್ನು ಆರಿಸಿಕೊಂಡು ಕೊನೆಯವರೆಗೂ ಹಿಡಿದುಕೊಳ್ಳಿ. ಈ ಬರಹದಲ್ಲಿ ನಾನು ಬಹುವಚನವನ್ನೇ ಉಳಿಸಿಕೊಂಡಿದ್ದೇನೆ. ಅದು ಗೌರವಕ್ಕಾಗಿ ಅಲ್ಲ, ಬೈಗುಳದ ಕೆಲಸವನ್ನು ಸರ್ವನಾಮಕ್ಕೆ ವಹಿಸಿ ಸಂಗತಿಗಳನ್ನು ಸಡಿಲ ಬಿಡುವುದು ಬೇಡವೆಂದು. ಮೊನ್ಸೋನರಿಗೆ ಯಾವ ವಚನ ಕೊಟ್ಟರೂ ಅದಕ್ಕಿಂತ ಕಡಿಮೆಯದನ್ನು ಅಲಿಸಿಯಾ ಅವರಿಗೆ ಕೊಡಕೂಡದು ಎಂಬುದೊಂದು ಮಾತ್ರ ಕಡ್ಡಾಯ.

ಅಲಿಸಿಯಾ ಅವರ ಹೆಸರು ಮೊದಲ ಪ್ಯಾರಾದಲ್ಲೇ ಬರಲಿ. ಅವರು ಉರುಗ್ವೆ ಮೂಲದ ಮಾಡೆಲ್. ಮೊನ್ಸೋನರಿಂದ ಬೇರೆಯಾಗಿದ್ದ, ಅವರ ಮಗನನ್ನು ಬೆಳೆಸುತ್ತಿದ್ದ ತಾಯಿ. 'ಚಾಂಪಿಯನ್ನನ ಸಂಗಾತಿ' ಎಂಬ ಒಂದೇ ಗುರುತಿನಲ್ಲಿ ಅವರನ್ನು ಮುಗಿಸಬೇಡಿ. ಚಿತ್ರತಾರೆ ಸುಸಾನಾ ಹಿಮೆನೆಸ್ ಜೊತೆಗಿನ ಮೊನ್ಸೋನರ ಪ್ರಣಯದ ಬಗ್ಗೆ ಪುಟಗಟ್ಟಲೆ ಸಾಮಗ್ರಿ ಸಿಗುತ್ತದೆ, ಅಲಿಸಿಯಾ ಅವರ ಬಗ್ಗೆ ಅಷ್ಟು ಸಿಗುವುದಿಲ್ಲ. ಸಿಕ್ಕ ಸಾಮಗ್ರಿಯ ತೂಕಕ್ಕೆ ತಕ್ಕಂತೆ ಲೇಖನ ವಾಲಿಕೊಳ್ಳದಂತೆ ನೀವೇ ತಡೆಯಬೇಕು.

ನ್ಯಾಯಾಲಯದ ಭಾಗವನ್ನು ಬರೆಯುವಾಗ ತೀರ್ಪು ಏನು ಹೇಳಿತು, ಆರೋಪಿ ಏನು ಹೇಳಿದರು ಎಂಬುದು ಬೇರೆಬೇರೆ ವಾಕ್ಯಗಳಲ್ಲಿರಲಿ. 1989ರಲ್ಲಿ ನಡೆದ ವಿಚಾರಣೆಯಲ್ಲಿ ಮೊನ್ಸೋನರಿಗೆ 11 ವರ್ಷಗಳ ಸೆರೆವಾಸ ವಿಧಿಸಲಾಯಿತು. ಆಗಿನ ಅರ್ಜೆಂಟೀನಾ ದಂಡಸಂಹಿತೆಯಲ್ಲಿ ಸಾಮಾನ್ಯ ಕೊಲೆಗೆ 8ರಿಂದ 25 ವರ್ಷಗಳವರೆಗೆ ಶಿಕ್ಷೆಯಿತ್ತು ಎಂಬುದನ್ನೂ, ಹೆಣ್ಣೆಂಬ ಕಾರಣಕ್ಕೆ ಗಂಡಸು ನಡೆಸುವ ಕೊಲೆಗೆ ಜೀವಾವಧಿ ಶಿಕ್ಷೆ ವಿಧಿಸುವ ತಿದ್ದುಪಡಿ 2012ರಲ್ಲಷ್ಟೇ ಬಂದಿತು ಎಂಬುದನ್ನೂ ಜೊತೆಗೇ ಹೇಳಿದರೆ, 11 ಎಂಬ ಅಂಕಿ ಹೆಚ್ಚೋ ಕಡಿಮೆಯೋ ಎಂದು ನೀವು ವಾದಿಸುವ ಅಗತ್ಯ ಬೀಳುವುದಿಲ್ಲ.

ಕಾರಣಗಳ ವಿಷಯದಲ್ಲಿ ಎರಡು ಅಡ್ಡದಾರಿಗಳಿವೆ. ಬಡತನ ಒಂದು: ಬಾಲಕ ಮೊನ್ಸೋನ್ ಬೂಟು ಒರೆಸಿದ್ದು, ಪತ್ರಿಕೆ ಮಾರಿದ್ದು ನಿಜ, ಬರೆಯಿರಿ, ಆದರೆ ಸಾಂತಾ ಫೆಯ ಅದೇ ಬೀದಿಗಳಲ್ಲಿ ಅದೇ ಕೆಲಸ ಮಾಡಿ ಯಾರನ್ನೂ ಕೊಲ್ಲದೆ ಬದುಕಿದ ಹುಡುಗರು ಲೆಕ್ಕವಿಲ್ಲದಷ್ಟು. ಮೆದುಳಿನ ಪೆಟ್ಟು ಇನ್ನೊಂದು. ಬಾಕ್ಸರುಗಳ ತಲೆಗೆ ಬೀಳುವ ಏಟು ಮೆದುಳನ್ನು ಕೆಡಿಸುತ್ತದೆ ಎಂಬುದನ್ನು ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು 1928ರಲ್ಲೇ ಬರೆದಿದ್ದಾರೆ, ಆದರೂ ವೈದ್ಯಕೀಯ ದಾಖಲೆ ಕೈಯಲ್ಲಿಲ್ಲದೆ ಒಬ್ಬ ವ್ಯಕ್ತಿಗೆ ಆ ರೋಗವನ್ನು ಅಂಟಿಸುವುದು ಬರಹಗಾರರ ಕೆಲಸವಲ್ಲ.

ಹಾಗೆಂದು ರಿಂಗಿನ ಸಾಧನೆಯನ್ನು ಕುಗ್ಗಿಸಲೂ ಬೇಡಿ. ನೂರು ಪಂದ್ಯಗಳಲ್ಲಿ 87 ಗೆಲುವು, ಬರೀ 3 ಸೋಲು. 1964ರ ನಂತರ ಒಮ್ಮೆಯೂ ಸೋಲದೆ, 14 ಬಾರಿ ಪಟ್ಟ ಉಳಿಸಿಕೊಂಡು ನಿವೃತ್ತಿ. ಕೊನೆಯ ಪಂದ್ಯದ ಎರಡನೆಯ ಸುತ್ತಿನಲ್ಲಿ ರೊಡ್ರಿಗೊ ವಾಲ್ಡೆಸ್ ಅವರ ಹೊಡೆತಕ್ಕೆ ನೆಲ ಕಂಡ ಮೊನ್ಸೋನ್, ಎದ್ದು ನಿಂತು, ಉದ್ದ ತೋಳಿನ ಎಡಗೈ ಜ್ಯಾಬ್‌ನಿಂದ, ಅಂದರೆ ನೇರ ಚುರುಕು ಹೊಡೆತದಿಂದ, ಎದುರಾಳಿಯನ್ನು ದೂರ ಇಟ್ಟು ಗೆದ್ದರು. ಅದನ್ನು ಚೆನ್ನಾಗಿಯೇ ಬರೆಯಿರಿ. ಸಾಧನೆ ದೊಡ್ಡದಾಗಿತ್ತು ಎಂಬುದನ್ನು ಒಪ್ಪದಿದ್ದರೆ, 1990ರಲ್ಲಿ, ಅವರು ಸೆರೆಮನೆಯಲ್ಲಿದ್ದಾಗಲೇ, ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್ ಅವರ ಹೆಸರನ್ನು ಸೇರಿಸಿಕೊಂಡದ್ದರ ತೊಡಕು ಓದುಗರಿಗೆ ತಟ್ಟುವುದೇ ಇಲ್ಲ.

ಕೊನೆಯ ಬಲೆ ಅವರ ಸಾವು. ಬಿಡುವಿನ ಮೇಲೆ ಹೊರಗೆ ಬಂದಿದ್ದ ಮೊನ್ಸೋನ್ 1995ರ ಜನವರಿ 8ರಂದು ಸೆರೆಮನೆಗೆ ಮರಳುವಾಗ ಕಾರು ಉರುಳಿ 52ನೆಯ ವಯಸ್ಸಿನಲ್ಲಿ ಸತ್ತರು. ಅಂತಿಮ ದರ್ಶನಕ್ಕೆ ಸಾವಿರಾರು ಜನ ಸೇರಿದರು. ಚಲನಚಿತ್ರದ ಕೊನೆಯ ದೃಶ್ಯದಂತಿರುವ ಇದರಲ್ಲಿ ಲೇಖನವನ್ನು ಮುಗಿಸುವ ಆಸೆಯಾಗುತ್ತದೆ. ಅದನ್ನು ಎರಡು ವಾಕ್ಯದಲ್ಲಿ ದಾಟಿ, ಸಾಂತಾ ಫೆ ನಗರದಲ್ಲಿ ಕೈ ಎತ್ತಿ ನಿಂತಿರುವ ಅವರ ಪ್ರತಿಮೆಯ ಬಗ್ಗೆ ಬರೆಯುವುದೇ ಮೇಲು. ಅದು ಅಲ್ಲಿ ಇರಬೇಕೆ ಎಂಬ ಪ್ರಶ್ನೆಯನ್ನು ಅರ್ಜೆಂಟೀನಾದ ಹೆಣ್ಣುಮಕ್ಕಳು ಎತ್ತಿದ್ದಾರೆ.

ಕರಡು ಮುಗಿದ ಮೇಲೆ, ಮೊನ್ಸೋನ್ ಕರ್ತೃವಾಗಿರುವ ವಾಕ್ಯಗಳ ಕೆಳಗೆ ನೀಲಿ ಗೆರೆಯನ್ನೂ ಅಲಿಸಿಯಾ ಕರ್ತೃವಾಗಿರುವ ವಾಕ್ಯಗಳ ಕೆಳಗೆ ಕೆಂಪು ಗೆರೆಯನ್ನೂ ಎಳೆಯಿರಿ. ಎರಡೂ ಸಮನಾಗಬೇಕಿಲ್ಲ, ಆಗುವುದೂ ಇಲ್ಲ. ಆದರೆ ಕೆಂಪು ಗೆರೆಯ ವಾಕ್ಯಗಳೆಲ್ಲ 'ಬಿದ್ದರು', 'ಸತ್ತರು' ಎಂದೇ ಮುಗಿಯುತ್ತಿದ್ದರೆ, ಮತ್ತೆ ಬಲಗಡೆಯ ಕಾಲಂಗೆ ಹೋಗಿ, 1988ಕ್ಕಿಂತ ಹಿಂದಿನ ಅವರ ವರ್ಷಗಳನ್ನು ಹುಡುಕಿ ತನ್ನಿ.